ಹೊರದೇಶದ ಸೇನಾ ನೆಲೆಗಳಲ್ಲಿ ಆಡಳಿತ ವಾಹನಗಳ ನಿರ್ವಹಣೆ: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಕೆಜಿಎಫ್, ಮುಳಬಾಗಿಲು, ಚಿಂತಾಮಣಿ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವ ಡ್ರೈವರುಗಳು, ಮೆಕ್ಯಾನಿಕ್‌ಗಳು ಹೊಸಬರಲ್ಲ. ಆದರೆ ಸೇನಾ ನೆಲೆಯ ಮೋಟಾರ್ ಪೂಲ್ (ಗಾಡಿಗಳನ್ನು ಒಟ್ಟಿಗೆ ಇಟ್ಟು ಹಂಚುವ ಯಾರ್ಡು) ಅಂದ ತಕ್ಷಣ ಮನೆಯವರಿಗೆ ಭಯ, ಹುಡುಗರಿಗೆ ಆಸೆ, ಏಜೆಂಟರಿಗೆ ವ್ಯಾಪಾರ. ಆ ಕೆಲಸ ಮಾಡಿ ಬಂದವನಾಗಿ, ನನ್ನನ್ನು ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಹೆಚ್ಚಿನದು ಅಮೆರಿಕದ ನೆಲೆಗಳ ವಿಚಾರ. ನಮ್ಮವರು ಕೆಲಸಕ್ಕೆ ಸೇರುವುದು ಹೆಚ್ಚಾಗಿ ಅಲ್ಲಿಯೇ.

ಆಡಳಿತ ವಾಹನ ಅಂದರೆ ಯಾವುದು? ಯುದ್ಧದ ಗಾಡಿ ಓಡಿಸಬೇಕಾ?

ಇಲ್ಲ. ಟ್ಯಾಂಕು, ಕವಚದ ಗಾಡಿ, ಸೇನಾ ಟ್ರಕ್ಕು ಇವುಗಳನ್ನು ನೋಡಿಕೊಳ್ಳುವ ವ್ಯವಸ್ಥೆಯೇ ಬೇರೆ. ಆಡಳಿತ ವಾಹನ ಅಂದರೆ ಕಚೇರಿ ಕಾರು, ಪಿಕಪ್, ವ್ಯಾನ್, ಸಿಬ್ಬಂದಿ ಬಸ್ಸು, ನೀರಿನ ಟ್ಯಾಂಕರ್, ಕಸದ ಲಾರಿಯಂಥವು. ಅಮೆರಿಕದ ಭೂಸೇನೆಯವರು ಇವನ್ನು ಎನ್‌ಟಿವಿ (ನಾನ್-ಟ್ಯಾಕ್ಟಿಕಲ್ ವೆಹಿಕಲ್, ಅಂದರೆ ಯುದ್ಧಕ್ಕಲ್ಲದ ಗಾಡಿ) ಎನ್ನುತ್ತಾರೆ. ಕುವೈತ್‌ನ ಕ್ಯಾಂಪ್ ಆರಿಫ್‌ಜಾನ್, ಕ್ಯಾಂಪ್ ಬ್ಯೂರಿಂಗ್, ಕತಾರ್‌ನ ಅಲ್ ಉದೈದ್, ಬಹರೇನ್‌ನ ನೌಕಾ ನೆಲೆ, ಜಿಬೂಟಿಯ ಕ್ಯಾಂಪ್ ಲೆಮನಿಯರ್ ಒಂದೊಂದೂ ಒಂದು ಊರಿದ್ದ ಹಾಗೆ. ಸಾವಿರಾರು ಜನ ಉಣ್ಣಬೇಕು, ಮಲಗಬೇಕು, ಡ್ಯೂಟಿಗೆ ಹೋಗಬೇಕು. ಅಷ್ಟೂ ಓಡಾಟ ಈ ಗಾಡಿಗಳ ಮೇಲೆ.

ಗಾಡಿ ಯಾರದು? ನಮಗೆ ಸಂಬಳ ಕೊಡುವವರು ಯಾರು?

ಕೆಲವು ಗಾಡಿ ಅಮೆರಿಕ ಸರ್ಕಾರದ ಸ್ವಂತದ್ದು, ಕೆಲವು ಅಲ್ಲಿಯ ಬಾಡಿಗೆ ಕಂಪನಿಯಿಂದ ತಿಂಗಳ ಲೆಕ್ಕಕ್ಕೆ ತಂದದ್ದು. ನಿಮಗೆ ಸಂಬಳ ಕೊಡುವುದು ಸೇನೆಯಲ್ಲ, ಗುತ್ತಿಗೆದಾರ ಕಂಪನಿ ಅಥವಾ ಅದರ ಕೆಳಗಿನ ಉಪಗುತ್ತಿಗೆದಾರ. ಈ ಸರಪಳಿ ತಿಳಿಯದೆ ಸಹಿ ಹಾಕಬೇಡಿ. ಮೂಲ ಗುತ್ತಿಗೆ ಯಾರದು, ನಿಮ್ಮನ್ನು ಕರೆಸಿಕೊಳ್ಳುತ್ತಿರುವವರು ಯಾರು ಎಂಬ ಎರಡು ಹೆಸರು ಆಫರ್ ಲೆಟರ್ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿರಬೇಕು.

ಫ್ಲೀಟ್ (ನೆಲೆಯ ಒಟ್ಟು ಗಾಡಿಗಳ) ಆಫೀಸಿನಲ್ಲಿ ದಿನದ ಕೆಲಸ ಏನಿರುತ್ತದೆ?

ಬೆಳಿಗ್ಗೆ ಮೊದಲ ಕೆಲಸ ಡಿಸ್ಪ್ಯಾಚ್. ಯಾವ ಗಾಡಿ, ಯಾರ ಕೈಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ವಾಪಸ್ಸು ಅನ್ನುವುದನ್ನು ಬರೆದು ಕೀ ಕೊಡಬೇಕು. ಜೊತೆಗೆ ಒಂದು ಫೋಲ್ಡರ್ ಹೋಗುತ್ತದೆ. ಅದರಲ್ಲಿ ಮೀಟರ್ ಬರೆಯುವ ಲಾಗ್ ಹಾಳೆ (ಡಿಡಿ ಫಾರಂ 1970), ಅಪಘಾತವಾದರೆ ತುಂಬುವ ಎಸ್‌ಎಫ್ 91, ಎದುರು ಪಾರ್ಟಿಗೆ ಕೊಡುವ ಗುರುತಿನ ಚೀಟಿ ಡಿಡಿ 518, ಗಾಡಿ ಪರೀಕ್ಷೆಯ ಹಾಳೆ ಇರುತ್ತವೆ. ಈಗ ಬಹಳ ಕಡೆ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಆದರೂ ಗಾಡಿಯೊಳಗಿನ ಕಾಗದ ಪೂರ್ತಿ ಹೋಗಿಲ್ಲ.

ಕೀ ಕೈಗೆ ಬಂದ ಮೇಲೆ ಡ್ರೈವರ್ ಗಾಡಿಯನ್ನು ಒಂದು ಸುತ್ತು ಹಾಕಬೇಕು. ಮುಂದಿನ ಎಡ ಮೂಲೆಯಿಂದ ಶುರು. ಮೊದಲು ಬಗ್ಗಿ ಕೆಳಗಿನ ತಟ್ಟೆ ನೋಡಬೇಕು: ನಿಂತ ಗಾಡಿಯ ಇಂಜಿನ್ ಕೆಳಗೆ ಎಣ್ಣೆ ಹಿಡಿಯಲು ಒಂದು ಟ್ರೇ ಇಟ್ಟಿರುತ್ತಾರೆ. ರಾತ್ರಿ ಸೋರಿದ್ದೆಲ್ಲ ಬೆಳಿಗ್ಗೆ ಅದರಲ್ಲಿ ಕಾಣುತ್ತದೆ. ಕಪ್ಪಾಗಿದ್ದರೆ ಇಂಜಿನ್ ಆಯಿಲ್, ಕೆಂಪಾಗಿದ್ದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಲ್ಲವೇ ಪವರ್ ಸ್ಟೀರಿಂಗ್‌ನದು, ನೀರಷ್ಟೇ ಇದ್ದರೆ ಎಸಿಯದು. ಆಮೇಲೆ ಟೈರು, ಲೈಟು, ಕನ್ನಡಿ, ಸೀಟ್ ಬೆಲ್ಟು, ಸ್ಟೆಪ್ನಿ, ಜಾಕಿ, ಬೆಂಕಿ ಆರಿಸುವ ಸಿಲಿಂಡರ್. ಗೀಚು ಕಂಡರೆ ಅಲ್ಲೇ ಬರೆಸಬೇಕು. ಬರೆಸದೆ ಹೊರಟರೆ ಸಂಜೆ ಆ ಗೀಚು ನಿಮ್ಮ ಲೆಕ್ಕಕ್ಕೆ ಬೀಳುತ್ತದೆ.

ಇದನ್ನೆಲ್ಲ ಕಿರಿಕಿರಿ ಅಂದುಕೊಳ್ಳುವ ಹುಡುಗರನ್ನು ನೋಡಿದ್ದೇನೆ. ನನ್ನ ಮಾತು ಕೇಳಿ: ಆ ನೆಲೆಯಲ್ಲಿ ನಿಮ್ಮ ಪರವಾಗಿ ಮಾತಾಡಲು ಇರುವುದು ನೀವು ಬರೆಸಿದ ಹಾಳೆ ಮಾತ್ರ. ಮೇಲಿನ ಅಧಿಕಾರಿ ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಾನೆ, ಬಾಯಿಮಾತಿನಲ್ಲಿ ಹೇಳಿದ್ದು ಅವನ ಜೊತೆಗೇ ಹೋಗುತ್ತದೆ.

ಗಾಡಿ ಹಾಳಾಗಿದ್ದರೂ ಕಳಿಸು ಅಂತ ಮೇಲಿನವರು ಒತ್ತಾಯ ಮಾಡಿದರೆ?

ಬ್ರೇಕು, ಸ್ಟೀರಿಂಗು, ಟೈರು, ಲೈಟು, ಸೀಟ್ ಬೆಲ್ಟು ಇವುಗಳಲ್ಲಿ ತೊಂದರೆ ಇದ್ದರೆ ಗಾಡಿ ಡೆಡ್‌ಲೈನ್, ಅಂದರೆ ರಿಪೇರಿ ಆಗುವವರೆಗೆ ಗೇಟು ದಾಟುವಂತಿಲ್ಲ. ಪರೀಕ್ಷೆಯ ಹಾಳೆಯಲ್ಲಿ ತೊಂದರೆ ಬರೆದು ಸಹಿ ಹಾಕಿ, ಒತ್ತಾಯ ಮಾಡುವವರಿಗೂ ಸಹಿ ಹಾಕಲು ಹೇಳಿ. ಅವರು ಹಾಕುವುದಿಲ್ಲ. ಮಾತು ಅಲ್ಲಿಗೆ ಮುಗಿಯುತ್ತದೆ.

ಸಂಜೆ ಗಾಡಿ ರೂಮಿಗೆ ತೆಗೆದುಕೊಂಡು ಹೋಗಬಹುದಾ? ಶುಕ್ರವಾರ ಪೇಟೆಗೆ?

ಬೇಡವೇ ಬೇಡ. ಅಮೆರಿಕದ ಕಾನೂನಿನಲ್ಲಿ ಸರ್ಕಾರಿ ಗಾಡಿಯಲ್ಲಿ ಮನೆ-ಕಚೇರಿ ಓಡಾಟಕ್ಕೇ ಅಪ್ಪಣೆ ಬೇಕು. ಅವರದೇ ಸರ್ಕಾರಿ ನೌಕರ ಬೇಕಂತಲೇ ಸ್ವಂತಕ್ಕೆ ಬಳಸಿದ್ದು ಸಾಬೀತಾದರೆ ಕನಿಷ್ಠ ಒಂದು ತಿಂಗಳು ಸಂಬಳವಿಲ್ಲದೆ ಅಮಾನತು. ಗುತ್ತಿಗೆ ಕೆಲಸಗಾರನಿಗೆ ಅಮಾನತಿನ ಸೌಭಾಗ್ಯವೂ ಇಲ್ಲ, ನೆಲೆಯ ಬ್ಯಾಡ್ಜ್ ಕಿತ್ತುಕೊಂಡರೆ ಕೆಲಸವೇ ಹೋಯಿತು. ಯಾರೋ ಅಧಿಕಾರಿ "ಹಾಗೇ ಅಂಗಡಿ ಹತ್ತಿರ ನಿಲ್ಲಿಸಿ ಹೋಗು" ಅಂದರೂ ಡಿಸ್ಪ್ಯಾಚ್‌ನಲ್ಲಿ ಆ ಜಾಗ ಬರೆದಿಲ್ಲ ಅಂದರೆ ವಿನಯದಿಂದ ಆಗುವುದಿಲ್ಲ ಅನ್ನಿ.

ಬಿಸಿಲು, ಧೂಳಿನಲ್ಲಿ ಗಾಡಿ ನೋಡಿಕೊಳ್ಳುವುದು ಹೇಗೆ? ನಮ್ಮ ಕಡೆಯ ಅನುಭವ ಸಾಕಾ?

ಕೈಕೆಲಸ ಸಾಕು, ಲೆಕ್ಕಾಚಾರ ಹೊಸದಾಗಿ ಕಲಿಯಬೇಕು. ಕುವೈತ್‌ನ ವಾಯವ್ಯದ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದ್ದನ್ನು ವಿಶ್ವ ಹವಾಮಾನ ಸಂಸ್ಥೆ ಒಪ್ಪಿಕೊಂಡಿದೆ. ಅದು ನೆರಳಿನ ಲೆಕ್ಕ. ಡಾಂಬರಿನ ಮೇಲೆ, ಬಾನೆಟ್ ಒಳಗೆ ಎಷ್ಟಿರುತ್ತದೆ ನೀವೇ ಊಹಿಸಿ.

ಮೊದಲು ಸಾಯುವುದು ಬ್ಯಾಟರಿ. ನಾವು ಬ್ಯಾಟರಿ ಚಳಿಗೆ ಹೋಗುತ್ತದೆ ಅಂದುಕೊಂಡಿದ್ದೇವೆ, ನಿಜವಾಗಿ ಅದರ ಆಯುಷ್ಯ ತಿನ್ನುವುದು ಶಾಖ. ಹಾಕಿದ ತಾರೀಖನ್ನು ಬ್ಯಾಟರಿಯ ಮೇಲೇ ಪೇಂಟಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಟೈರು. ನೆಲೆಯೊಳಗೆ ಗಾಡಿ ಹೆಚ್ಚು ದೂರ ಓಡುವುದಿಲ್ಲ, ಹಾಗಾಗಿ ಟೈರಿನ ಗೀರು (ಟ್ರೆಡ್) ಚೆನ್ನಾಗಿಯೇ ಇರುತ್ತದೆ, ಆದರೆ ರಬ್ಬರು ಒಣಗಿ ಪಕ್ಕದ ಗೋಡೆ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ಡಿಓಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2321 ಅಂತಿದ್ದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಆ ಅಂಕಿ ಕೆಲವೊಮ್ಮೆ ಒಂದೇ ಪಕ್ಕದಲ್ಲಿ, ಒಳಮುಖಕ್ಕೆ ಇರುತ್ತದೆ. ಟಾರ್ಚು ಹಿಡಿದು ಕೆಳಗೆ ತೂರಿ ನೋಡಬೇಕು. ಗಾಳಿಯನ್ನು ಬೆಳಗಿನ ಜಾವ ಟೈರು ತಣ್ಣಗಿದ್ದಾಗಲೇ ಅಳೆಯಬೇಕು. ಮಧ್ಯಾಹ್ನ ಅಳೆದು ಜಾಸ್ತಿ ಇದೆ ಅಂತ ಗಾಳಿ ಹೊರಗೆ ಬಿಟ್ಟರೆ ರಾತ್ರಿ ಕಡಿಮೆಯಾಗುತ್ತದೆ, ಮರುದಿನ ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಮೂರನೆಯದು ಏರ್ ಫಿಲ್ಟರ್. ಕಿಲೋಮೀಟರ್ ನೋಡಿ ಬದಲಾಯಿಸುವ ಪುಸ್ತಕದ ಲೆಕ್ಕ ಮರಳುಗಾಡಿಗೆ ಹೊಂದುವುದಿಲ್ಲ. ಒಂದು ದೊಡ್ಡ ಧೂಳು ಬಿರುಗಾಳಿ ಸಾಕು. ಬಿರುಗಾಳಿ ಮುಗಿದ ಮರುದಿನ ಪೂರ್ತಿ ಫ್ಲೀಟಿನ ಫಿಲ್ಟರ್ ತೆಗೆದು ನೋಡುವ ಪದ್ಧತಿ ಇರುವ ವರ್ಕ್‌ಶಾಪ್ ಒಳ್ಳೆಯ ವರ್ಕ್‌ಶಾಪ್.

ಬಸ್ಸುಗಳದು ಇನ್ನೊಂದು ಕಥೆ. ಎಸಿಗೋಸ್ಕರ ಗಂಟೆಗಟ್ಟಲೆ ನಿಂತಲ್ಲೇ ಇಂಜಿನ್ ಓಡುತ್ತಿರುತ್ತದೆ. ಮೀಟರಿನಲ್ಲಿ ಕಿಲೋಮೀಟರ್ ಏರಿಲ್ಲ, ಆಯಿಲ್ ಮಾತ್ರ ಸುಟ್ಟು ಹೋಗಿದೆ. ಅಂಥ ಗಾಡಿಗೆ ಸರ್ವಿಸ್ ಲೆಕ್ಕ ಇಂಜಿನ್ ಓಡಿದ ಗಂಟೆಯಲ್ಲಿ ಇಡಬೇಕು.

ಡೀಸೆಲ್ ವಿಚಾರದಲ್ಲಿ ಎಚ್ಚರಿಕೆ ಬೇಕು ಅನ್ನುತ್ತಾರೆ, ಯಾಕೆ?

ಅಮೆರಿಕದ ಸೇನೆ ವಿಮಾನಕ್ಕೂ ಯುದ್ಧದ ಟ್ರಕ್ಕಿಗೂ ಒಂದೇ ಇಂಧನ ಬಳಸುವ ಪದ್ಧತಿ ಇಟ್ಟುಕೊಂಡಿದೆ. ಅದರ ಹೆಸರು ಜೆಪಿ-8, ಸೀಮೆಎಣ್ಣೆಯ ಜಾತಿಯದು. ಅದರಲ್ಲಿ ಗಂಧಕ 3,000 ಪಿಪಿಎಂವರೆಗೂ (ಹತ್ತು ಲಕ್ಷ ಭಾಗದಲ್ಲಿ 3,000 ಭಾಗ) ಇರಬಹುದು. ನಮ್ಮ ಬಿಎಸ್-6 ಡೀಸೆಲ್‌ನಲ್ಲಿ ಮಿತಿ 10 ಪಿಪಿಎಂ. ಹೊಸ ಡೀಸೆಲ್ ಪಿಕಪ್‌ಗೆ ಹೊಗೆ ಶುದ್ಧ ಮಾಡುವ ಫಿಲ್ಟರ್, ಯೂರಿಯಾ ವ್ಯವಸ್ಥೆ ಇದ್ದರೆ ಜೆಪಿ-8 ಹಾಕಿದ ದಿನದಿಂದಲೇ ಅದಕ್ಕೆ ಕೇಡು ಶುರು. ಆದ್ದರಿಂದ ಟ್ಯಾಂಕಿನ ಮುಚ್ಚಳದ ಮೇಲೆ ಯಾವ ಇಂಧನ ಎಂಬ ಸ್ಟಿಕ್ಕರ್ ಇರಲೇಬೇಕು. ಬಂಕಿನಲ್ಲಿ ಸಾಲು ಚಿಕ್ಕದಿದೆ ಅಂತ ಪೈಪು ಬದಲಾಯಿಸುವವರನ್ನು ಕೈ ಹಿಡಿದು ನಿಲ್ಲಿಸಿ.

ಯೂನಿಟ್‌ಗೆ ಎಷ್ಟು ಗಾಡಿ ಬೇಕು ಅಂತ ಹೇಗೆ ತೀರ್ಮಾನಿಸುತ್ತಾರೆ?

ಫ್ಲೀಟ್ ಮ್ಯಾನೇಜರಿನ ನಿಜವಾದ ತಲೆನೋವು ಇದೇ. ಎಲ್ಲರಿಗೂ ತಮ್ಮದೇ ಗಾಡಿ ಬೇಕು, ಅದೂ ದೊಡ್ಡ ಎಸ್‌ಯುವಿ. ನಿಯಮ ಹೇಳುವುದು ಬೇರೆ: ಕೆಲಸ ಆಗುವ ಅತಿ ಚಿಕ್ಕ ಗಾಡಿ, ಹಂಚಿಕೊಂಡು ಬಳಸಿ.

ಅಮೆರಿಕದ ಸರ್ಕಾರಿ ಫ್ಲೀಟಿನಲ್ಲಿ ಕಾರಿಗೆ ವರ್ಷಕ್ಕೆ 12,000 ಮೈಲಿ ಎಂಬ ಅಂದಾಜು ಬಹಳ ಕಾಲದಿಂದ ಇದೆ, ಅಂದರೆ 19,000 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೇಲಿಯೊಳಗಿನ ನೆಲೆಯಲ್ಲಿ ಆ ಅಳತೆ ಹಿಡಿದರೆ ಎಲ್ಲ ಗಾಡಿಯೂ ವಾಪಸ್ಸು ಹೋಗಬೇಕು. ಹಾಗಾಗಿ ದಿನಕ್ಕೆ ಎಷ್ಟು ಟ್ರಿಪ್, ಎಷ್ಟು ಗಂಟೆ, ಎಷ್ಟು ಜನ ಅಂತ ನೋಡುವುದು ನ್ಯಾಯ. ಆಸ್ಪತ್ರೆಯ ಗಾಡಿ ನಿಂತಿದ್ದರೂ ಅದು ಕೆಲಸದಲ್ಲಿದೆ ಅಂತಲೇ ಅರ್ಥ. ಕಚೇರಿ ಕಾರು ವಾರಗಟ್ಟಲೆ ನಿಂತಿದ್ದರೆ ಅದನ್ನು ಪೂಲ್‌ಗೆ ಎಳೆದುಕೊಳ್ಳಬೇಕು.

ತಿಂಗಳ ಕೊನೆಗೆ ಮೀಟರ್ ರೀಡಿಂಗ್ ಕೊಡದ ಯೂನಿಟ್ಟೇ ಸಾಮಾನ್ಯವಾಗಿ ಗಾಡಿ ಸುಮ್ಮನೆ ಇಟ್ಟುಕೊಂಡಿರುತ್ತದೆ. ಇನ್ನೊಂದು ಉಪಾಯ, ಕಡಿಮೆ ಓಡಿದ ಗಾಡಿಯನ್ನೂ ಹೆಚ್ಚು ಓಡಿದ ಗಾಡಿಯನ್ನೂ ಅದಲುಬದಲು ಮಾಡುವುದು. ಬಾಡಿಗೆ ಗಾಡಿಯಾದರೆ ಇದರಿಂದ ಹೆಚ್ಚುವರಿ ಕಿಲೋಮೀಟರಿನ ದಂಡವೂ ತಪ್ಪುತ್ತದೆ.

ನನ್ನದು ಹೆವಿ ಲೈಸೆನ್ಸು, ಕೋಲಾರ ಎಪಿಎಂಸಿಯಿಂದ ಟೊಮೆಟೊ ಲಾರಿ ಓಡಿಸುತ್ತೇನೆ. ಅಲ್ಲಿ ನಡೆಯುತ್ತಾ?

ಕೆಎ-07, ಕೆಎ-08 ಅನ್ನುವ ಲೈಸೆನ್ಸು ನಿಮ್ಮ ಅನುಭವಕ್ಕೆ ಸಾಕ್ಷಿ ಅಷ್ಟೇ. ಅಲ್ಲಿ ಹೋದ ಮೇಲೆ ಆ ದೇಶದ ಲೈಸೆನ್ಸು ಬೇಕು, ಅದರ ಮೇಲೆ ನೆಲೆಯ ಪರೀಕ್ಷೆ ಪಾಸಾಗಿ ಅವರ ಪರವಾನಗಿಯೂ ಬೇಕು. ಕುವೈತ್, ಕತಾರ್, ಬಹರೇನ್ ಎಲ್ಲ ಕಡೆ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೀರಿಂಗ್ ಎಡಗಡೆ. ಸರ್ಕಲ್ಲಿನಲ್ಲಿ ಕಣ್ಣು ತಪ್ಪು ಕಡೆ ಹೋಗುವುದು ಮೊದಲ ವಾರಗಳ ದೊಡ್ಡ ಅಪಾಯ. ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬ ನಿಂತು ಕೈ ತೋರಿಸದೆ ದೊಡ್ಡ ಗಾಡಿ ಅಲ್ಲಾಡಿಸುವಂತಿಲ್ಲ. ಮಂಡಿಯಲ್ಲಿ ಕ್ಲೀನರ್ ಹುಡುಗ "ಬರ್ಲಿ, ಬರ್ಲಿ" ಅನ್ನುತ್ತಾನಲ್ಲ, ಅಲ್ಲಿ ಅದು ಬರೆದಿಟ್ಟ ನಿಯಮ.

ಭಾಷೆಯ ಭಯ ಬೇಡ. ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಬೆರೆತ ಊರಿನಿಂದ ಹೋಗುವವರು ನಾವು, ಯಾರ್ಡಿನಲ್ಲಿ ಬೇಗ ಹೊಂದಿಕೊಳ್ಳುತ್ತೇವೆ. ಓದಿ ಬರೆಯುವಷ್ಟು ಇಂಗ್ಲಿಷ್ ಮಾತ್ರ ಗಟ್ಟಿ ಮಾಡಿಕೊಳ್ಳಿ. ಡ್ರೈವರಿಗಿಂತ ಡಿಸ್ಪ್ಯಾಚರ್, ಬಿಡಿಭಾಗ ಕ್ಲರ್ಕ್ ಕೆಲಸಗಳಿಗೆ ಅದೇ ಮೆಟ್ಟಿಲು. ಐಟಿಐ ಮೋಟಾರ್ ಮೆಕ್ಯಾನಿಕ್ ಮಾಡಿದವರು ಎಕ್ಸೆಲ್ ಕಲಿತರೆ ಇನ್ನೂ ಒಳ್ಳೆಯದು.

ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾನೆ. ಕೊಡಬಹುದಾ?

ಒಂದು ರೂಪಾಯಿ ಕೂಡ ಕೊಡಬೇಡಿ. ಈ ಪುಟದಲ್ಲಿ ಬೇರೆ ಏನೂ ಓದದಿದ್ದರೂ ಇದನ್ನು ಓದಿ.

ಅಮೆರಿಕದ ಸರ್ಕಾರಿ ಗುತ್ತಿಗೆಗಳಲ್ಲಿ ಮಾನವ ಸಾಗಣೆ ತಡೆಯುವ ಒಂದು ಕಡ್ಡಾಯ ಷರತ್ತಿದೆ. ಅದು ಉಪಗುತ್ತಿಗೆದಾರನಿಗೂ ಏಜೆಂಟನಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಕೆಲಸಗಾರನಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಶುಲ್ಕ ಅಂದರೆ ಏನೇನು ಎಂಬುದನ್ನು 2019ರ ಜನವರಿಯಿಂದ ಇನ್ನೂ ಬಿಡಿಸಿ ಹೇಳಿದ್ದಾರೆ. ವೀಸಾ, ಮೆಡಿಕಲ್, ಫೋಟೊ ಖರ್ಚು ಕೂಡ ಅದರಲ್ಲೇ ಬರುತ್ತದೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ನಿಷಿದ್ಧ. ಕೆಲಸದ ಕರಾರು ಕೊಡಬೇಕಾದ ಕಡೆ, ಹೊರಡುವುದಕ್ಕೆ ಕನಿಷ್ಠ ಐದು ದಿನ ಮೊದಲು ಕೆಲಸಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ನಿಮಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಕೇಳಿ, ಇದು ಕೊಬ್ಬಿನ ಮಾತಲ್ಲ.

ನಮ್ಮ ದೇಶದ ಲೆಕ್ಕವೂ ತಿಳಿದಿರಲಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ತೆಗೆದುಕೊಳ್ಳಬಹುದಾದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿ ಸಮೇತ. ಅಮೆರಿಕದ ನೆಲೆಯ ಕೆಲಸಕ್ಕೆ ಅದನ್ನೂ ನಿಮ್ಮ ಕೈಯಿಂದ ಕೀಳುವಂತಿಲ್ಲ. ಬೆಂಗಳೂರಿನ ಯಾವುದೋ ಲಾಡ್ಜಿನಲ್ಲಿ ಇಂಟರ್‌ವ್ಯೂ ಮಾಡಿ, ನಗದು ಮಾತ್ರ ಅನ್ನುವವನ ಹತ್ತಿರ ರಸೀದಿ ಕೇಳಿ ನೋಡಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ನೋಂದಣಿ ಇದೆಯೇ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹೊಲ, ಹಸು, ಹೆಂಡತಿಯ ಒಡವೆ ಅಡವಿಟ್ಟು ಹೋದವನು ಅಲ್ಲಿ ಗಾಡಿ ಕೆಟ್ಟಿದೆ ಅಂತ ಹೇಳಲೂ ಹೆದರುತ್ತಾನೆ. ಸಾಲ ಹೊತ್ತ ಡ್ರೈವರ್ ಸುರಕ್ಷಿತ ಡ್ರೈವರ್ ಅಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ.

ಹತ್ತನೇ ಕ್ಲಾಸ್ ಪಾಸಾಗಿಲ್ಲ. ಹೋಗಲು ಆಗುವುದಿಲ್ಲವಾ?

ಆಗುತ್ತದೆ. ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕು ಎಂಬ ಗುರುತಿನದು) ಆಗಿರುತ್ತದೆ, ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಹೊರಡುವ ಮೊದಲು ವಲಸೆ ಅನುಮತಿ ಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ 10 ಲಕ್ಷದ ವಿಮೆ. ವಿಸಿಟ್ ವೀಸಾದಲ್ಲಿ ಕಳಿಸಿ ಆಮೇಲೆ ಬದಲಾಯಿಸುತ್ತೇನೆ ಅನ್ನುವವನನ್ನು ನಂಬಬೇಡಿ. ಕುವೈತ್ ಆದರೆ ಖಾಸಗಿ ಕಂಪನಿ ಕೆಲಸಕ್ಕೆ ಬರುವುದು ಆರ್ಟಿಕಲ್ 18 ವೀಸಾ. ಆರ್ಟಿಕಲ್ 20 ಕಂಡರೆ ಅದು ಮನೆಗೆಲಸದವರದು, ಅದರಲ್ಲಿ ಹೋಗಿ ಕಂಪನಿಯಲ್ಲಿ ದುಡಿದರೆ ತಪ್ಪು ನಿಮ್ಮ ತಲೆಗೆ.

ಯುದ್ಧ ಗಿದ್ಧ ಆದರೆ? ಮನೆಯವರು ಒಪ್ಪುತ್ತಿಲ್ಲ.

ಮನೆಯವರ ಭಯ ಸುಳ್ಳಲ್ಲ. 2025ರ ಜೂನ್ 23ರಂದು ಇರಾನ್ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. 2024ರ ಜನವರಿಯಲ್ಲಿ ಜೋರ್ಡನ್‌ನ ಟವರ್ 22 ಎಂಬ ಠಾಣೆಯ ಮೇಲೆ ಡ್ರೋನ್ ಬಿದ್ದು ಮೂವರು ಅಮೆರಿಕನ್ ಸೈನಿಕರು ಸತ್ತರು. ಇನ್ನೂ ಹಿಂದೆ, 2004ರಲ್ಲಿ ಕುವೈತ್ ಕಂಪನಿಯೊಂದಕ್ಕೆ ಇರಾಕಿನಲ್ಲಿ ಲಾರಿ ಓಡಿಸುತ್ತಿದ್ದ ಮೂವರು ಭಾರತೀಯ ಡ್ರೈವರುಗಳನ್ನು ಅಪಹರಿಸಿದ್ದರು. ಪುಣ್ಯಕ್ಕೆ ಬಿಡುಗಡೆಯಾಗಿ ಬಂದರು. ಅದೇ ವರ್ಷ ಆಗಸ್ಟ್‌ನಲ್ಲಿ 12 ಮಂದಿ ನೇಪಾಳಿ ಕೆಲಸಗಾರರನ್ನು ಇರಾಕಿನಲ್ಲಿ ಕೊಂದರು. ಅವರಿಗೆ ಊರಿನಲ್ಲಿ ಹೇಳಿದ್ದು ಜೋರ್ಡನ್‌ನಲ್ಲಿ ಕೆಲಸ ಅಂತ.

ಆದ್ದರಿಂದ ಕರಾರಿನಲ್ಲಿ ಕೆಲಸದ ಜಾಗ ದೇಶದ ಹೆಸರು, ನೆಲೆಯ ಹೆಸರು ಸಮೇತ ಇರಬೇಕು. "ಕಂಪನಿ ಎಲ್ಲಿ ಬೇಕಾದರೂ ಕಳಿಸಬಹುದು" ಎಂಬ ಸಾಲು ಇದ್ದರೆ ಅದನ್ನು ತೆಗೆಸಿ, ಇಲ್ಲವೇ ಹೋಗಬೇಡಿ. ಬಂಕರ್ ಎಲ್ಲಿದೆ, ಸೈರನ್ ಆದರೆ ಗಾಡಿ ಏನು ಮಾಡಬೇಕು ಅನ್ನುವುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.

ಅಲ್ಲಿ ಕೈಕಾಲಿಗೆ ಪೆಟ್ಟಾದರೆ ಯಾರು ದಿಕ್ಕು?

ಡಿಫೆನ್ಸ್ ಬೇಸ್ ಆಕ್ಟ್ ಎಂಬ 1941ರ ಅಮೆರಿಕನ್ ಕಾನೂನು. ಅವರ ಹೊರದೇಶದ ನೆಲೆಗಳಲ್ಲಿ ಗುತ್ತಿಗೆ ಕೆಲಸ ಮಾಡುವ ಯಾವುದೇ ದೇಶದವರಿಗೂ ಅದರ ರಕ್ಷಣೆ ಇದೆ. ನಮ್ಮವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಜಾಕಿ ಜಾರಿ ಬೆರಳು ಹೋದವನು, ಬೆನ್ನು ಹೋದವನು ಕಂಪನಿ ಕೊಟ್ಟ ಟಿಕೆಟ್ ಹಿಡಿದು ಊರಿಗೆ ಬಂದು ಸುಮ್ಮನಾಗುತ್ತಾನೆ.

ಚಿಕಿತ್ಸೆಯ ಖರ್ಚು, ದುಡಿಯಲು ಆಗದಿದ್ದರೆ ಸರಾಸರಿ ವಾರದ ಸಂಬಳದ ಮೂರರಲ್ಲಿ ಎರಡು ಭಾಗ, ಸತ್ತರೆ ಹೆಂಡತಿ ಮಕ್ಕಳಿಗೆ ಪರಿಹಾರ ಇದರಲ್ಲಿದೆ. ಪೆಟ್ಟಾದ 30 ದಿನದೊಳಗೆ ಮೇಲಿನವರಿಗೆ ಬರಹದಲ್ಲಿ ತಿಳಿಸಬೇಕು, ಕ್ಲೇಮನ್ನು ಸಾಮಾನ್ಯವಾಗಿ ಒಂದು ವರ್ಷದೊಳಗೆ ಅಮೆರಿಕದ ಕಾರ್ಮಿಕ ಇಲಾಖೆಗೆ ಹಾಕಬೇಕು. ಚಿಕ್ಕ ಪೆಟ್ಟು ಅಂತ ಮುಚ್ಚಿಡಬೇಡಿ. ಕ್ಲಿನಿಕ್ಕಿನ ಚೀಟಿ, ಆ ದಿನದ ಡಿಸ್ಪ್ಯಾಚ್ ನಂಬರು, ಜೊತೆಯಲ್ಲಿದ್ದವರ ಹೆಸರು ಅವತ್ತೇ ಬರೆದಿಟ್ಟುಕೊಳ್ಳಿ. ಮನೆಯಲ್ಲೂ ಒಬ್ಬರಿಗೆ ಈ ಕಾನೂನಿನ ಹೆಸರು ಬಾಯಿಪಾಠ ಮಾಡಿಸಿ ಹೋಗಿ.

ಅಪಘಾತವಾದರೆ ಮೊದಲು ಏನು ಮಾಡಬೇಕು?

ಗಾಡಿ ನಿಲ್ಲಿಸಿ, ಪೆಟ್ಟಾದವರನ್ನು ನೋಡಿ, ನೆಲೆಯೊಳಗಾದರೆ ಸೇನಾ ಪೊಲೀಸರಿಗೆ, ಹೊರಗಾದರೆ ಸ್ಥಳೀಯ ಪೊಲೀಸರಿಗೂ ಡಿಸ್ಪ್ಯಾಚ್‌ಗೂ ಫೋನ್ ಮಾಡಿ. ಪೊಲೀಸರು ಬರುವವರೆಗೆ ಜಾಗ ಬಿಡಬೇಡಿ. ತಪ್ಪು ನನ್ನದೇ ಅಂತ ಅಲ್ಲೇ ಒಪ್ಪಿಕೊಳ್ಳಬೇಡಿ, ದುಡ್ಡು ಕೊಟ್ಟು ಬಗೆಹರಿಸಲು ಹೋಗಬೇಡಿ. ಎಸ್‌ಎಫ್ 91ರಲ್ಲಿ ರಸ್ತೆಯ ಚಿತ್ರ ಬರೆಯುವ ಜಾಗವಿದೆ, ಅದನ್ನು ಖಾಲಿ ಬಿಡದೆ ನಿಧಾನವಾಗಿ ಬರೆಯಿರಿ.

ನಮ್ಮ ಸೇನೆಯ ಗಾಡಿಗಳೂ ಹೊರದೇಶದಲ್ಲಿ ಇರುತ್ತವಲ್ಲ, ಅಲ್ಲಿ ಹೇಗೆ?

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳಲ್ಲಿ, ಅಂದರೆ ಲೆಬನಾನ್, ಕಾಂಗೊ, ದಕ್ಷಿಣ ಸುಡಾನ್ ಕಡೆ. ಬಿಳಿ ಗಾಡಿ, ಮೇಲೆ ಕಪ್ಪು ಅಕ್ಷರದಲ್ಲಿ ಯುಎನ್. ವಿಶ್ವಸಂಸ್ಥೆಯ ಸ್ವಂತ ಗಾಡಿಗಳಲ್ಲಿ ಕಾರ್‌ಲಾಗ್ ಎಂಬ ಯಂತ್ರವಿದ್ದು, ಡ್ರೈವರ್ ತನ್ನ ಕಾರ್ಡ್ ಉಜ್ಜಿದರೇ ಗಾಡಿ ಸ್ಟಾರ್ಟ್. ವೇಗ, ದೂರ ಎಲ್ಲ ದಾಖಲಾಗುತ್ತದೆ. ದೇಶಗಳು ಒಯ್ದ ಗಾಡಿಗಳಿಗೆ ವಿಶ್ವಸಂಸ್ಥೆ ಬಾಡಿಗೆಯಂತೆ ಹಣ ಕೊಡುತ್ತದೆ, ಆದರೆ ಪರಿಶೀಲನೆಯಲ್ಲಿ ಓಡುವ ಸ್ಥಿತಿಯ ಗಾಡಿ ಶೇಕಡ 90ಕ್ಕಿಂತ ಕೆಳಗಿಳಿದರೆ ಹಣ ಕಡಿತ. ಕೆಟ್ಟು ನಿಂತ ಗಾಡಿಗೆ ಬೆಲೆ ಕಟ್ಟುವ ಈ ಪದ್ಧತಿ ನಮ್ಮ ಊರಿನ ಸರ್ಕಾರಿ ಕಚೇರಿಗಳಿಗೂ ಬಂದರೆ ಒಳ್ಳೆಯದಿತ್ತು.

ವಾಪಸ್ಸು ಬಂದ ಮೇಲೆ ಈ ಅನುಭವಕ್ಕೆ ಇಲ್ಲಿ ಕೆಲಸ ಸಿಗುತ್ತದಾ?

ಸಿಗುತ್ತದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಪಾಳಿ ಪಾಳಿಗೆ ಓಡುವ ಸಿಬ್ಬಂದಿ ಬಸ್ಸುಗಳನ್ನು ನಡೆಸುವವರಿಗೆ ಡಿಸ್ಪ್ಯಾಚ್ ಗೊತ್ತಿರುವವರು ಬೇಕು. ತುಮಕೂರಿನ ವಸಂತನರಸಾಪುರದಲ್ಲೂ ಹಾಗೇ. ಆದರೆ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕೊನೆಯ ದಿನ ಬ್ಯಾಡ್ಜ್ ವಾಪಸ್ಸು ಕೊಟ್ಟ ಕ್ಷಣಕ್ಕೆ ಕಂಪನಿಯ ಈಮೇಲ್ ಬಂದ್ ಆಗುತ್ತದೆ, ಆಮೇಲೆ ಏನೂ ಕೈಗೆ ಸಿಗದು. ಹೊರಡುವ ತಿಂಗಳಿನಲ್ಲೇ ಅನುಭವ ಪತ್ರ, ತರಬೇತಿ ಸರ್ಟಿಫಿಕೇಟ್‌ಗಳು, ಸಂಬಳದ ಚೀಟಿಗಳು, ಆ ದೇಶದ ಲೈಸೆನ್ಸಿನ ಪ್ರತಿ ಇವಿಷ್ಟನ್ನು ನಿಮ್ಮ ಸ್ವಂತ ಈಮೇಲ್‌ಗೆ ಹಾಕಿಸಿಕೊಳ್ಳಿ. ನೆಲೆಯ ಒಳಗಿನ ಫೋಟೊ, ಗಾಡಿಗಳ ಪಟ್ಟಿ, ರೂಟ್ ನಕ್ಷೆ ಯಾವುದನ್ನೂ ತರಬೇಡಿ. ಅವು ನಿಮ್ಮವಲ್ಲ, ವಿಮಾನ ನಿಲ್ದಾಣದಲ್ಲಿ ಮೊಬೈಲ್ ತೆರೆಸಿದರೆ ದೊಡ್ಡ ತೊಂದರೆ.